ಇವಿ ರಿಪೇರಿಗೆ ಬಿಟ್ಟಾಗ ಬದಲಿ ಕಾರು: ಯಾವಾಗ ಬೇಕು, ಯಾರು ಕೊಡಬೇಕು, ಹೇಗೆ ಕೇಳಬೇಕು

ಎಲೆಕ್ಟ್ರಿಕ್ ಕಾರು, ಅಂದರೆ ಇವಿ, ಕೊಳ್ಳಲು ಶೋರೂಮಿಗೆ ಹೋದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಒಂದು ಚಾರ್ಜ್‌ಗೆ ಎಷ್ಟು ಓಡುತ್ತೆ? ಬ್ಯಾಟರಿ ಎಷ್ಟು ವರ್ಷ ಬರುತ್ತೆ? ಮನೆಯಲ್ಲಿ ಚಾರ್ಜರ್ ನೀವೇ ಹಾಕಿಸಿ ಕೊಡ್ತೀರಾ? ಇಷ್ಟೆಲ್ಲ ಕೇಳಿದವರೂ ಒಂದು ಮಾತು ಕೇಳದೆ ಎದ್ದು ಬರುತ್ತಾರೆ. ಕಾರು ಕೆಟ್ಟು ಮೂರು ವಾರ ನಿಮ್ಮ ವರ್ಕ್‌ಶಾಪಿನಲ್ಲೇ ನಿಂತರೆ, ಅಷ್ಟು ದಿನ ನಾನು ಹೇಗೆ ಓಡಾಡಲಿ?

ಹಾಗೆ ನಿಂತಾಗ ಸರ್ವಿಸ್ ಸೆಂಟರ್‌ನವರು ತಾತ್ಕಾಲಿಕವಾಗಿ ಕೊಡುವ ಗಾಡಿಯೇ ಕರ್ಟಸಿ ಕಾರ್. ಕೆಲವು ಕಡೆ ಸ್ಟ್ಯಾಂಡ್‌ಬೈ ಕಾರ್ ಅಂತಾರೆ, ಅಮೆರಿಕದಲ್ಲಿ ಲೋನರ್ ಅಂತಾರೆ. ನಮ್ಮಲ್ಲಿ ಇದನ್ನು ದುಬಾರಿ ಕಾರಿನವರಿಗೆ ಸಿಗುವ ಮರ್ಯಾದೆ ಅಂದುಕೊಂಡವರೇ ಜಾಸ್ತಿ. ಪೆಟ್ರೋಲ್ ಕಾರಿನ ಮಟ್ಟಿಗೆ ಅದು ಇರಬಹುದು. ಇವಿ ಮಟ್ಟಿಗೆ ಹಾಗಲ್ಲ. ರೇಂಜ್, ವಾರಂಟಿ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ. ಯಾಕೆ ಅಂತ ತಿಳಿಯಬೇಕಾದರೆ ಇವಿ ವರ್ಕ್‌ಶಾಪಿನ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ನೋಡಬೇಕು.

ಮೊದಲು ಮಾಮೂಲಿ ಸರ್ವಿಸ್. ಇವಿಯಲ್ಲಿ ಇಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಟೈಮಿಂಗ್ ಬೆಲ್ಟ್ ಇಲ್ಲ. ಎಸಿ ಫಿಲ್ಟರ್ ಬದಲಿಸುತ್ತಾರೆ, ಟೈರ್ ಅದಲುಬದಲು ಮಾಡುತ್ತಾರೆ, ಬ್ರೇಕ್ ಆಯಿಲ್ ಮತ್ತು ಕೂಲೆಂಟ್ ನೋಡುತ್ತಾರೆ, ಬ್ರೇಕ್ ಕ್ಲೀನ್ ಮಾಡುತ್ತಾರೆ, 12 ವೋಲ್ಟ್ ಬ್ಯಾಟರಿ ಪರೀಕ್ಷಿಸುತ್ತಾರೆ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ತೊಳೆದು ಕೊಡುತ್ತಾರೆ. ಅರ್ಧ ದಿನದ ಕೆಲಸ. ಬೆಳಿಗ್ಗೆ ಬಿಟ್ಟು ಸಂಜೆ ತರಬಹುದು. ಇದಕ್ಕೆ ಬದಲಿ ಕಾರು ಕೇಳುವ ಅಗತ್ಯವೇ ಇಲ್ಲ, ಪಿಕಪ್-ಡ್ರಾಪ್ ಸಾಕು.

ಕಷ್ಟ ಶುರುವಾಗುವುದು ಏನಾದರೂ ನಿಜವಾಗಿ ಕೆಟ್ಟಾಗ. ಇವಿಯ ಕೆಲಸದಲ್ಲಿ ನಡುವಿನ ದಾರಿ ಕಡಿಮೆ. ಒಂದೋ ಕೆಲವು ಗಂಟೆಯಲ್ಲಿ ಮುಗಿಯುತ್ತದೆ, ಇಲ್ಲವೋ ವಾರಗಟ್ಟಲೆ ಎಳೆಯುತ್ತದೆ. ಪೆಟ್ರೋಲ್ ಗಾಡಿ ಆದರೆ ಕಂಪನಿ ಸರ್ವಿಸ್ ಬಿಟ್ಟು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಪಾರ್ಟ್ ಹುಡುಕಬಹುದು, ಪರಿಚಯದ ಮೆಕ್ಯಾನಿಕ್ ಹತ್ತಿರ ಹೋಗಬಹುದು. ಹೈ ವೋಲ್ಟೇಜ್ ಬ್ಯಾಟರಿ, ಮೋಟಾರ್, ಒಳಗಿನ ಚಾರ್ಜರ್, ಇವುಗಳ ವಿಷಯದಲ್ಲಿ ಆ ದಾರಿ ಇಲ್ಲ. ಹೊರಗೆ ಯಾರಾದರೂ ಬಿಚ್ಚಿದರೆ ವಾರಂಟಿಗೆ ತೊಂದರೆ. ಅದಕ್ಕಿಂತ ದೊಡ್ಡದು, ಜೀವಕ್ಕೆ ಅಪಾಯ.

ದೊಡ್ಡ ಕೆಲಸಕ್ಕೆ ಯಾಕಿಷ್ಟು ದಿನ

ಬ್ಯಾಟರಿ ಇಳಿಸುವ ಕೆಲಸವನ್ನೇ ನೋಡಿ. ಕಾರು ನಿಲ್ಲಿಸಿದ ಬೇ ಸುತ್ತ ಹಗ್ಗ ಕಟ್ಟಿ ಹೈ ವೋಲ್ಟೇಜ್ ಬೋರ್ಡ್ ಇಡುತ್ತಾರೆ. ಟೆಕ್ನಿಷಿಯನ್ ರಬ್ಬರ್ ಗ್ಲೌಸ್ ಹಾಕಿಕೊಳ್ಳುವ ಮೊದಲು ಅದರ ಬಾಯಿಯನ್ನು ಸುರುಳಿ ಸುತ್ತಿ, ಒಳಗಿನ ಗಾಳಿಯನ್ನು ಬೆರಳುಗಳ ಕಡೆ ಒತ್ತಿ, ಎಲ್ಲಾದರೂ ಸೋರುತ್ತದಾ ಅಂತ ನೋಡುತ್ತಾನೆ. ಸೂಜಿಮೊನೆಯಷ್ಟು ತೂತಿದ್ದರೂ ಆ ಗ್ಲೌಸ್ ಕಸದ ಬುಟ್ಟಿಗೆ. ಆಮೇಲೆ 12 ವೋಲ್ಟ್ ಬ್ಯಾಟರಿ ಬಿಚ್ಚಿ, ಹೈ ವೋಲ್ಟೇಜ್ ಸಂಪರ್ಕ ತಪ್ಪಿಸುವ ಸರ್ವಿಸ್ ಪ್ಲಗ್ ತೆಗೆದು, ಅದನ್ನು ಬೇರೆ ಯಾರೂ ವಾಪಸ್ ಹಾಕದ ಹಾಗೆ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ಪ್ಲಗ್ ತೆಗೆದ ತಕ್ಷಣ ಕೈ ಹಾಕುವ ಹಾಗಿಲ್ಲ. ಬ್ಯಾಟರಿಯ ಕರೆಂಟನ್ನು ಮೋಟಾರ್‌ಗೆ ಹೊಂದಿಸಿ ಕೊಡುವ ಇನ್ವರ್ಟರ್ ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಇಳಿಯುವವರೆಗೆ ಐದು ಹತ್ತು ನಿಮಿಷ ಕಾಯಬೇಕು. ಮೀಟರ್ ಹಿಡಿದು ಸೊನ್ನೆ ತೋರಿಸಿದ ಮೇಲಷ್ಟೇ ಮುಂದಿನ ಕೆಲಸ.

ಈ ಕೆಲಸ ಮಾಡಲು ಹೈ ವೋಲ್ಟೇಜ್ ತರಬೇತಿ ಪಡೆದವರೇ ಬೇಕು. ಅವರು ರಜೆಯಲ್ಲಿದ್ದರೆ ಗಾಡಿ ಕಾಯುತ್ತದೆ. ಬ್ಯಾಟರಿ ಇಳಿಸಲು ಬೇರೆಯದೇ ಲಿಫ್ಟ್ ಟೇಬಲ್ ಬೇಕು. ಒಳಗೆ ಒಂದು ಮಾಡ್ಯೂಲ್, ಅಂದರೆ ಸೆಲ್‌ಗಳ ಒಂದು ಗುಂಪು, ಬದಲಿಸಿದರೆ ಅದರ ವೋಲ್ಟೇಜ್ ಉಳಿದ ಮಾಡ್ಯೂಲ್‌ಗಳ ಜೊತೆ ಹೊಂದಬೇಕು, ಬ್ಯಾಟರಿಯ ಮೇಲೆ ಕಣ್ಣಿಡುವ ಕಂಪ್ಯೂಟರ್, ಅಂದರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅದನ್ನು ಒಪ್ಪಬೇಕು. ಮುಚ್ಚುವಾಗ ಹೊಸ ಸೀಲ್ ಹಾಕಿ, ಗಾಳಿ ಸೋರುತ್ತದಾ ಅಂತ ಪರೀಕ್ಷೆ ಮಾಡಬೇಕು. ಇದರಲ್ಲಿ ಯಾವುದನ್ನಾದರೂ ಆತುರದಲ್ಲಿ ಬಿಟ್ಟರೆ ಮುಂದಿನ ಮಳೆಗಾಲದಲ್ಲಿ ಒಳಗೆ ನೀರು ಹೋಗುತ್ತದೆ. ಹಾಗಾಗಿ ಈ ಕೆಲಸಕ್ಕೆ ತಗಲುವ ಸಮಯದ ಬಗ್ಗೆ ನನ್ನ ತಕರಾರಿಲ್ಲ. ನಿಧಾನ ಮಾಡಿದರೇ ಒಳ್ಳೆಯದು.

ದಿನಗಳು ಹೆಚ್ಚಾಗಿ ಕಳೆಯುವುದು ಪಾರ್ಟ್‌ಗೆ ಕಾಯುವುದರಲ್ಲಿ. ಲಿಥಿಯಂ ಬ್ಯಾಟರಿ ಸಾಗಣೆಯ ಲೆಕ್ಕದಲ್ಲಿ ಅಪಾಯಕಾರಿ ಸರಕು. ಕೆಟ್ಟ ಅಥವಾ ಪೆಟ್ಟು ತಿಂದ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವ ಹಾಗೇ ಇಲ್ಲ. ಹೊಸದನ್ನು ಕಳಿಸುವುದಕ್ಕೂ ಚಾರ್ಜ್ ಎಷ್ಟಿರಬೇಕು, ಪ್ಯಾಕಿಂಗ್ ಹೇಗಿರಬೇಕು ಅಂತ ಬಿಗಿ ನಿಯಮಗಳಿವೆ. ಅಷ್ಟು ತೂಕದ ಪ್ಯಾಕ್ ಹೆಚ್ಚಾಗಿ ಹಡಗಿನಲ್ಲೋ ಲಾರಿಯಲ್ಲೋ ಬರಬೇಕು. ಬೆಂಗಳೂರಿನಿಂದ ದೂರದ ಊರುಗಳಲ್ಲಿ ಇನ್ನೊಂದು ಕಷ್ಟ. ಎಲ್ಲ ಡೀಲರ್‌ಗಳ ಹತ್ತಿರವೂ ಬ್ಯಾಟರಿ ಬಿಚ್ಚುವ ಸೌಲಭ್ಯ ಇರುವುದಿಲ್ಲ, ದೊಡ್ಡ ಊರಿಗೆ ಕಳಿಸಬೇಕಾಗುತ್ತದೆ. ಇವಿಯನ್ನು ಹಗ್ಗ ಕಟ್ಟಿ ಎಳೆಯುವುದೂ ಸರಿಯಲ್ಲ. ಚಕ್ರ ತಿರುಗಿದರೆ ಮೋಟಾರ್ ಕರೆಂಟ್ ಉತ್ಪಾದಿಸುತ್ತದೆ. ಫ್ಲ್ಯಾಟ್‌ಬೆಡ್ ಲಾರಿಯೇ ಆಗಬೇಕು. ಅದಕ್ಕೂ ಒಂದೆರಡು ದಿನ.

ಒಂದು ನಿಜವಾದ ಉದಾಹರಣೆ. 2024ರ ಜೂನ್‌ನಲ್ಲಿ ಹ್ಯುಂಡೈ ಭಾರತದಲ್ಲಿ 1,744 ಅಯಾನಿಕ್ 5 ಕಾರುಗಳನ್ನು ವಾಪಸ್ ಕರೆಯಿತು. 2022ರ ಜುಲೈ 21ರಿಂದ 2024ರ ಏಪ್ರಿಲ್ 30ರವರೆಗೆ ತಯಾರಾದ ಗಾಡಿಗಳು. ಕಾರಣ ಐಸಿಸಿಯು ಅನ್ನುವ ಒಂದು ಪೆಟ್ಟಿಗೆ. ಅದೇ ಭಾಗಕ್ಕಾಗಿ ಕಿಯಾ ಕೂಡ 1,138 ಇವಿ6 ಕಾರುಗಳನ್ನು ಕರೆಸಿತು. ಈ ಪೆಟ್ಟಿಗೆಗೆ ಎರಡು ಕೆಲಸ. ಮನೆಯ ಎಸಿ ಕರೆಂಟನ್ನು ಡಿಸಿ ಮಾಡಿ ದೊಡ್ಡ ಬ್ಯಾಟರಿ ತುಂಬುವುದು ಒಂದು. ದೊಡ್ಡ ಬ್ಯಾಟರಿಯ ಕರೆಂಟನ್ನು ಇಳಿಸಿ ಚಿಕ್ಕ 12 ವೋಲ್ಟ್ ಬ್ಯಾಟರಿ ತುಂಬುವುದು ಇನ್ನೊಂದು. ಎರಡನೆಯದು ನಿಂತುಹೋದರೆ 12 ವೋಲ್ಟ್ ಬ್ಯಾಟರಿ ಖಾಲಿಯಾಗುತ್ತದೆ. ಅದು ಖಾಲಿಯಾದರೆ ಕಾರಿನ ಕಂಪ್ಯೂಟರ್‌ಗಳು, ಲೈಟು, ಬಾಗಿಲ ಲಾಕ್ ಯಾವುದೂ ಇಲ್ಲ. ಅಡಿಯಲ್ಲಿರುವ ದೊಡ್ಡ ಬ್ಯಾಟರಿಯಲ್ಲಿ ನೂರಾರು ಕಿಲೋಮೀಟರ್ ಓಡುವಷ್ಟು ಚಾರ್ಜ್ ಇದ್ದರೂ ಗಾಡಿ ಅಲುಗುವುದಿಲ್ಲ.

ಒಂದು ಪೆಟ್ಟಿಗೆ ಬದಲಿಸುವುದು ವರ್ಕ್‌ಶಾಪಿಗೆ ದೊಡ್ಡ ಕೆಲಸವಲ್ಲ. ಆದರೆ ಲೋಕದಲ್ಲೆಲ್ಲ ಒಂದೇ ಸಲ ಒಂದೇ ಪಾರ್ಟ್ ಬೇಕಾದಾಗ ಎಲ್ಲಿಂದ ತರುವುದು? ಅಮೆರಿಕದಲ್ಲಿ ಇದೇ ದೋಷಕ್ಕೆ ಹ್ಯುಂಡೈ ಒಂದು ಲಕ್ಷದ ಹತ್ತಿರ ಗಾಡಿಗಳನ್ನು ಕರೆಸಿತ್ತು. ಅಲ್ಲಿ ವಾರಗಟ್ಟಲೆ ಕಾದವರು ಬಹಳ ಮಂದಿ.

ಇದಕ್ಕಿಂತ ವಿಚಿತ್ರ ಪರಿಸ್ಥಿತಿ ಜನರಲ್ ಮೋಟಾರ್ಸ್‌ನ ಇವಿಯಾದ ಷೆವ್ರೊಲೆ ಬೋಲ್ಟ್ ಮಾಲೀಕರದ್ದು. ಬ್ಯಾಟರಿಗೆ ಬೆಂಕಿ ಹತ್ತುವ ದೋಷಕ್ಕಾಗಿ 2021ರ ಆಗಸ್ಟ್‌ನಲ್ಲಿ ಜನರಲ್ ಮೋಟಾರ್ಸ್ ಅಲ್ಲಿಯವರೆಗೆ ತಯಾರಾದ ಎಲ್ಲ ಬೋಲ್ಟ್‌ಗಳನ್ನೂ ವಾಪಸ್ ಕರೆಯಿತು. ಒಟ್ಟು ಸುಮಾರು 1.42 ಲಕ್ಷ. ಹೊಸ ಬ್ಯಾಟರಿ ಬರುವವರೆಗೆ ಮಾಲೀಕರಿಗೆ ಕೊಟ್ಟ ಸೂಚನೆ ಹೀಗಿತ್ತು: 90 ಶೇಕಡಕ್ಕಿಂತ ಜಾಸ್ತಿ ಚಾರ್ಜ್ ಮಾಡಬೇಡಿ, ರೇಂಜ್ 70 ಮೈಲಿಗಿಂತ (113 ಕಿಲೋಮೀಟರ್) ಕೆಳಗೆ ಇಳಿಸಬೇಡಿ, ಚಾರ್ಜ್ ಆದ ತಕ್ಷಣ ಗಾಡಿ ಹೊರಗೆ ನಿಲ್ಲಿಸಿ, ರಾತ್ರಿ ಮನೆಯೊಳಗೆ ಚಾರ್ಜ್‌ಗೆ ಹಾಕಿ ಮಲಗಬೇಡಿ. ಲೆಕ್ಕ ಹಾಕಿ ನೋಡಿ. 417 ಕಿಲೋಮೀಟರ್ ರೇಂಜ್ ಅಂತ ಕೊಂಡ ಕಾರು. ಅದರ 90 ಶೇಕಡ ಅಂದರೆ 375. ಅದರಲ್ಲಿ 113 ಕಿಲೋಮೀಟರ್ ಮುಟ್ಟುವ ಹಾಗಿಲ್ಲ. ಉಳಿದದ್ದು 262. ಕಾರು ಮನೆಯಲ್ಲೇ ಇದೆ, ಓಡುತ್ತದೆ, ಆದರೆ ಕೊಂಡ ಕಾರು ಅದಲ್ಲ. ಇಂಥವರಿಗೆ ಬದಲಿ ಕಾರು ಕೊಡಬೇಕಾ ಬೇಡವಾ? ಗಾಡಿ ವರ್ಕ್‌ಶಾಪಿನಲ್ಲಿ ಇಲ್ಲವಲ್ಲ ಅಂದರೆ ಮಾತಿಗೆ ಸರಿ, ನ್ಯಾಯಕ್ಕೆ ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ದುಡ್ಡು ಯಾರ ಜೇಬಿನಿಂದ

ಇಲ್ಲಿ ಡೀಲರ್ ಬೇರೆ, ಕಾರು ಕಂಪನಿ ಬೇರೆ, ವಿಮೆ ಕಂಪನಿ ಬೇರೆ. ಈ ಮೂವರ ನಡುವೆ ಗ್ರಾಹಕ ಸಿಕ್ಕಿಹಾಕಿಕೊಳ್ಳುತ್ತಾನೆ.

ವಾರಂಟಿ ಕೆಲಸಕ್ಕೆ ಕಂಪನಿ ಡೀಲರ್‌ಗೆ ದುಡ್ಡು ಕೊಡುತ್ತದೆ. ಆದರೆ ಹೇಗೆ? ಪಾರ್ಟ್‌ನ ಬೆಲೆ, ಜೊತೆಗೆ ಆ ಕೆಲಸಕ್ಕೆ ಇಷ್ಟು ಗಂಟೆ ಅಂತ ಮೊದಲೇ ಗೊತ್ತು ಮಾಡಿದ ಕೂಲಿ. ಗಾಡಿ ಪಾರ್ಟ್‌ಗಾಗಿ ಇಪ್ಪತ್ತು ದಿನ ನಿಂತರೂ ಕೂಲಿ ಅಷ್ಟೇ. ಕಾಯುವ ದಿನಗಳ ಖರ್ಚು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಡೀಲರ್ ತಾನೇ ಬದಲಿ ಕಾರು ಇಡಬೇಕೆಂದರೆ ಹತ್ತಾರು ಲಕ್ಷದ ಬಂಡವಾಳ, ವಿಮೆ, ಸವಕಳಿ ಎಲ್ಲ ಅವನ ತಲೆಗೆ. ಹಾಗಾಗಿ ಸರ್ವಿಸ್ ಅಡ್ವೈಸರ್ "ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ ಸರ್" ಅನ್ನುವಾಗ ಅವರು ಸುಮ್ನೆ ಸಾಗಹಾಕುತ್ತಿದ್ದಾರೆ ಅಂತ ಕೋಪ ಮಾಡಿಕೊಳ್ಳಬೇಡಿ. ಕಂಪನಿ ಹೇಳದೆ ಅವರ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ಕೇಳಬೇಕಾದವರು ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್. ವಾರಂಟಿ ಪುಸ್ತಕದಲ್ಲಿ ಇಲ್ಲದ್ದನ್ನೂ ಗುಡ್‌ವಿಲ್ ಹೆಸರಿನಲ್ಲಿ ಮಂಜೂರು ಮಾಡಿಸುವ ದಾರಿ ಅವರ ಮೂಲಕವೇ ಹೋಗುತ್ತದೆ. ಡೆಮೊ ಕಾರು ಕೊಡಿಸುವುದು, ಕ್ಯಾಬ್ ಖರ್ಚು ವಾಪಸ್ ಕೊಡಿಸುವುದು ಇಂಥವೆಲ್ಲ ಆಗುವುದು ಅಲ್ಲಿಂದ.

ವಿಮೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಪಾಲಿಸಿಯಲ್ಲಿ ಡೈಲಿ ಅಲೋಯನ್ಸ್ ಅನ್ನುವ ಆಡ್-ಆನ್ ಹಾಕಿಸಿದವರು, ಕಾರು ವರ್ಕ್‌ಶಾಪಿನಲ್ಲಿ ನಿಂತರೆ ದಿನಕ್ಕಿಷ್ಟು ದುಡ್ಡು ಬರುತ್ತದೆ ಅಂದುಕೊಂಡಿರುತ್ತಾರೆ. ಬರುತ್ತದೆ, ಆದರೆ ಅಪಘಾತದಂಥ ಕ್ಲೈಮ್ ಇದ್ದಾಗ ಮಾತ್ರ. ತಾನಾಗಿ ಕೆಟ್ಟ ಬ್ಯಾಟರಿಗೆ, ಮಾಮೂಲಿ ಸರ್ವಿಸ್‌ಗೆ ಬರುವುದಿಲ್ಲ. ಕ್ಲೈಮ್ ಇದ್ದರೂ ಮೊದಲ ಕೆಲವು ದಿನ ಬಿಟ್ಟು ಲೆಕ್ಕ ಶುರು, ಅದಕ್ಕೊಂದು ಗರಿಷ್ಠ ಮಿತಿ. ರೋಡ್‌ಸೈಡ್ ಅಸಿಸ್ಟೆನ್ಸ್ ಪ್ಯಾಕೇಜ್‌ನಲ್ಲಿ ಕ್ಯಾಬ್ ಸೌಲಭ್ಯ ಇರುತ್ತದೆ. ಆದರೆ ಅದು ದಾರಿಯಲ್ಲಿ ನಿಂತುಹೋದ ದಿನದ ಮಟ್ಟಿಗೆ, ಮನೆಗೋ ಹತ್ತಿರದ ಊರಿಗೋ ತಲುಪಿಸುವಷ್ಟು.

ಬೇರೆ ದೇಶದಲ್ಲಿ ಇದನ್ನೇ ಮಾರಾಟದ ಬಲವಾಗಿ ಮಾಡಿಕೊಂಡವರಿದ್ದಾರೆ. 2013ರ ಏಪ್ರಿಲ್‌ನಲ್ಲಿ, ಸರ್ವಿಸ್ ಸೆಂಟರ್‌ಗಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ, ಟೆಸ್ಲಾ ಅಮೆರಿಕದಲ್ಲಿ ಹೊಸ ಯೋಜನೆ ಘೋಷಿಸಿತು. ಮನೆಯಿಂದಲೇ ಗಾಡಿ ಒಯ್ಯುತ್ತೇವೆ, ಬದಲಿಗೆ ಎಲ್ಲ ಸೌಲಭ್ಯ ಇರುವ ಮಾಡೆಲ್ ಎಸ್ ಬಿಟ್ಟು ಹೋಗುತ್ತೇವೆ, ಅದೇ ಇಷ್ಟವಾದರೆ ವ್ಯತ್ಯಾಸದ ಹಣ ಕೊಟ್ಟು ಇಟ್ಟುಕೊಳ್ಳಿ ಅಂತ. ಗಾಡಿಗಳ ಸಂಖ್ಯೆ ಲಕ್ಷಗಳಿಗೆ ಏರಿದ ಮೇಲೆ ಆ ಧಾರಾಳತನ ಉಳಿಯಲಿಲ್ಲ. ಈಗ ಎಷ್ಟೋ ಸಲ ಊಬರ್ ಕ್ರೆಡಿಟ್ ಕೊಟ್ಟು ಕಳಿಸುತ್ತಾರೆ. ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫಿಯೆಟ್ 500ಇ ಕೊಂಡವರಿಗೆ ಮೊದಲ ಮೂರು ವರ್ಷ, ವರ್ಷಕ್ಕೆ 12 ದಿನ ಬೇರೆ ಕಾರು ಸಿಗುತ್ತಿತ್ತು. ಅದು ರಿಪೇರಿಗಲ್ಲ, ದೂರದ ಊರಿಗೆ ಹೋಗಲಿ ಅಂತ. ಆ ಕಾರಿನ ರೇಂಜ್ ಸುಮಾರು 140 ಕಿಲೋಮೀಟರ್ ಅಷ್ಟೇ ಇತ್ತು. ಗ್ರಾಹಕನ ಭಯ ಎಲ್ಲಿದೆಯೋ ಅಲ್ಲಿಗೇ ಬದಲಿ ಕಾರು ಇಟ್ಟಿದ್ದರು. ನನ್ನ ಅಂದಾಜಿನಲ್ಲಿ, ಕಾರು ಕೊಂಡ ಮೇಲೆ ನಮ್ಮ ಗ್ರಾಹಕನ ಭಯ ರೇಂಜಿಗಿಂತ ಸರ್ವಿಸ್ ಮೇಲೆಯೇ ಜಾಸ್ತಿ. ನಮ್ಮ ಕಂಪನಿಗಳು ಇದನ್ನು ಗಮನಿಸಬೇಕು.

ಪೆಟ್ರೋಲ್ ಕಾರು ಕೊಟ್ಟರೆ ಸಾಲದೇ?

ಓಡಾಟ ನಿಲ್ಲುವುದಿಲ್ಲ, ನಿಜ. ಖರ್ಚು ಮಾತ್ರ ಬೇರೆಯೇ. ದಿನಕ್ಕೆ 50 ಕಿಲೋಮೀಟರ್ ಇಟ್ಟುಕೊಳ್ಳಿ, ವೈಟ್‌ಫೀಲ್ಡ್‌ನಿಂದ ಜಯನಗರಕ್ಕೆ ಹೋಗಿ ಬರುವಷ್ಟು. ಪೆಟ್ರೋಲ್ ಲೀಟರ್‌ಗೆ 103 ರೂಪಾಯಿ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಮೈಲೇಜ್ 15 ಅಂದರೆ ದಿನಕ್ಕೆ 343 ರೂಪಾಯಿ. ಇವಿ ಯೂನಿಟ್‌ಗೆ 7 ಕಿಲೋಮೀಟರ್ ಓಡಿ, ಯೂನಿಟ್‌ಗೆ 7 ರೂಪಾಯಿ ಬಿದ್ದರೆ ದಿನಕ್ಕೆ 50 ರೂಪಾಯಿ. ಇಪ್ಪತ್ತು ದಿನ ನಡೆದರೆ ಒಂದು ಕಡೆ ಸುಮಾರು 6,900, ಇನ್ನೊಂದು ಕಡೆ 1,000. ಈ ವ್ಯತ್ಯಾಸ ನೋಡಿಯೇ ಅಲ್ವಾ ಜಾಸ್ತಿ ದುಡ್ಡು ಕೊಟ್ಟು ಇವಿ ಕೊಂಡದ್ದು? ವಾರಂಟಿ ಇರುವ ಕಾರು ಕೆಟ್ಟಿದ್ದಕ್ಕೆ ಈ ಹೊರೆ ಮಾಲೀಕನ ಮೇಲೆ ಯಾಕೆ ಬೀಳಬೇಕು? ಆದ್ದರಿಂದ ಮೊದಲು ಇವಿಯನ್ನೇ ಕೇಳಿ. ಇಲ್ಲವೇ ಇಲ್ಲ ಅಂದರೆ ಇಂಧನದ ವ್ಯತ್ಯಾಸವನ್ನು ಕಂಪನಿ ಭರಿಸುತ್ತದಾ ಅಂತ ಕೇಳಿ.

ಬೇರೆ ಕಂಪನಿಯ ಇವಿ ಸಿಕ್ಕರೂ ಹೆದರಬೇಕಿಲ್ಲ. ಭಾರತದಲ್ಲಿ ಈಗ ಮಾರಾಟವಾಗುವ ಬಹುತೇಕ ಕಾರುಗಳಿಗೆ ಒಂದೇ ಬಗೆಯ ಗನ್, ಅಂದರೆ ಕಾರಿಗೆ ಚುಚ್ಚುವ ಚಾರ್ಜಿಂಗ್ ಪ್ಲಗ್: ಮನೆಯಲ್ಲಿ ಟೈಪ್ 2, ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಸಿಸಿಎಸ್ 2. ನಿಮ್ಮ ಗೋಡೆಯ ಚಾರ್ಜರ್ ಅದಕ್ಕೂ ಹೊಂದುತ್ತದೆ. ಹಳೆಯ ಕೆಲವು ಗಾಡಿಗಳಿಗೆ ಮಾತ್ರ ಬೇರೆ ಗನ್ ಇತ್ತು. ಮನೆಯಲ್ಲಿ ಗೋಡೆಯ ಚಾರ್ಜರ್ ಇಲ್ಲದೆ 15 ಆಂಪ್ ಸಾಕೆಟ್ ನಂಬಿಕೊಂಡವರು, ಬದಲಿ ಕಾರಿನ ಡಿಕ್ಕಿಯಲ್ಲಿ ಪೋರ್ಟಬಲ್ ಕೇಬಲ್ ಇದೆಯಾ ಅಂತ ತೆಗೆದು ನೋಡಿ. ಡೆಮೊ ಕಾರುಗಳಲ್ಲಿ ಅದನ್ನು ತೆಗೆದಿಟ್ಟಿರುವುದುಂಟು. ರಾತ್ರಿ ಮನೆಗೆ ಬಂದ ಮೇಲೆ ಗೊತ್ತಾದರೆ ಮರುದಿನ ಬೆಳಿಗ್ಗೆ ಫಾಸ್ಟ್ ಚಾರ್ಜರ್ ಹುಡುಕಿಕೊಂಡು ಹೊರಡಬೇಕಾಗುತ್ತದೆ.

ಕೀ ಕೈಗೆ ಬರುವ ಮೊದಲು

ನಂಬರ್ ಪ್ಲೇಟ್ ನೋಡಿ. ಹಸಿರು ಹಲಗೆಯಲ್ಲಿ ಬಿಳಿ ಅಕ್ಷರ ಇದ್ದರೆ ಖಾಸಗಿ ಇವಿ, ಹಳದಿ ಅಕ್ಷರ ಇದ್ದರೆ ವಾಣಿಜ್ಯ ವಾಹನ. ಪೆಟ್ರೋಲ್ ಗಾಡಿಯಾದರೆ ಬಿಳಿ ಹಲಗೆ ಖಾಸಗಿ, ಕಪ್ಪು ಹಲಗೆಯಲ್ಲಿ ಹಳದಿ ಅಕ್ಷರ ಇರುವುದು ಸೆಲ್ಫ್ ಡ್ರೈವ್ ಬಾಡಿಗೆಗೆ. ಕೆಂಪು ಹಲಗೆಯ ಟ್ರೇಡ್ ನಂಬರ್ ಇನ್ನೂ ರಿಜಿಸ್ಟರ್ ಆಗದ ಗಾಡಿಯನ್ನು ಡೀಲರ್ ಓಡಾಡಿಸಲು ಇರುವಂಥದ್ದು. ಅದನ್ನು ನಿಮ್ಮ ದಿನದ ಬಳಕೆಗೆ ಕೊಟ್ಟರೆ ತೆಗೆದುಕೊಳ್ಳಬೇಡಿ.

ಇದು ಯಾಕೆ ಮುಖ್ಯ ಅಂದರೆ, ಖಾಸಗಿ ಕಾರಿನ ವಿಮೆ ಬಾಡಿಗೆಯ ಬಳಕೆಗೆ ಅನ್ವಯಿಸುವುದಿಲ್ಲ. ಡೀಲರ್ ತನ್ನ ಖಾಸಗಿ ಪ್ಲೇಟಿನ ಕಾರನ್ನು ಉಚಿತವಾಗಿ ಕೊಟ್ಟರೆ ಸರಿ. "ದಿನಕ್ಕೆ ಇಷ್ಟು ಕೊಡಿ" ಅಂತ ಬಾಡಿಗೆ ವಸೂಲಿ ಮಾಡಿ ಕೊಟ್ಟರೆ, ಅಪಘಾತವಾದ ದಿನ ವಿಮೆಯವರು ಕೈ ಎತ್ತಬಹುದು. ದುಡ್ಡು ಕೊಡಲೇಬೇಕಾದ ಪರಿಸ್ಥಿತಿ ಬಂದರೆ ನೇರವಾಗಿ ಸೆಲ್ಫ್ ಡ್ರೈವ್ ಕಂಪನಿಯಿಂದಲೇ ತೆಗೆದುಕೊಂಡು ಬಿಲ್ ಇಟ್ಟುಕೊಳ್ಳಿ. ಆ ಬಿಲ್ ಮುಂದೆ ಉಪಯೋಗಕ್ಕೆ ಬರುತ್ತದೆ.

ಸಹಿ ಹಾಕುವ ಕಾಗದ ಓದಿ. ಎಷ್ಟು ಕಿಲೋಮೀಟರ್ ಮಿತಿ, ಡೆಂಟ್ ಆದರೆ ನೀವು ಎಷ್ಟು ಕೊಡಬೇಕು, ಮನೆಯವರು ಓಡಿಸಬಹುದಾ, ರಾಜ್ಯದ ಗಡಿ ದಾಟಬಹುದಾ, ಎಷ್ಟು ಚಾರ್ಜ್ ಇಟ್ಟು ವಾಪಸ್ ಮಾಡಬೇಕು, ಎಲ್ಲ ಅದರಲ್ಲಿ ಇರಬೇಕು. ಫಾಸ್ಟ್ಯಾಗ್‌ನಲ್ಲಿ ಯಾರ ದುಡ್ಡು ಕಡಿತವಾಗುತ್ತದೆ ಅಂತಲೂ ಕೇಳಿ. ಬೆಂಗಳೂರಿನ ಕ್ಯಾಮೆರಾಗಳು ದಂಡ ಕಳಿಸುವುದು ರಿಜಿಸ್ಟರ್ ಆದ ಮಾಲೀಕರಿಗೆ, ಅಂದರೆ ಡೀಲರ್‌ಗೆ. ತಾರೀಖು, ಸಮಯ, ಓಡೊಮೀಟರ್ ಅಂಕಿ ಬರೆಸಿಕೊಂಡಿದ್ದರೆ ಹಿಂದಿನವರು ಸಿಗ್ನಲ್ ಹಾರಿಸಿದ ದಂಡ ನಿಮ್ಮ ತಲೆಗೆ ಬರುವುದಿಲ್ಲ. ಕಾರಿನ ನಾಲ್ಕೂ ಬದಿಯ ವಿಡಿಯೊ ತೆಗೆದುಕೊಳ್ಳಿ.

ಇನ್ನೊಂದು ವಿಷಯಕ್ಕೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಈಗಿನ ಇವಿಗಳು ಆ್ಯಪ್ ಜೊತೆ ಜೋಡಿಕೊಂಡಿರುತ್ತವೆ. ಬದಲಿ ಕಾರಿನ ಆ್ಯಪ್ ಡೀಲರ್ ಕೈಯಲ್ಲಿ ಇದ್ದರೆ, ಆ ಕಾರು ಎಲ್ಲಿ ನಿಂತಿದೆ ಅನ್ನುವುದು ಅವರಿಗೆ ಕಾಣುತ್ತದೆ. ನಿಮ್ಮ ಫೋನ್ ಜೋಡಿಸಿದರೆ ಕಾಂಟ್ಯಾಕ್ಟ್‌ಗಳು, ಮನೆ ವಿಳಾಸ ಅದರಲ್ಲಿ ಉಳಿಯುತ್ತವೆ. ವಾಪಸ್ ಮಾಡುವಾಗ ಸೆಟ್ಟಿಂಗ್ಸ್‌ಗೆ ಹೋಗಿ ಅಳಿಸಿ. ನಿಮ್ಮ ಸ್ವಂತ ಕಾರು ವರ್ಕ್‌ಶಾಪಿನಲ್ಲಿ ನಿಂತಿರುವಾಗ ಅದರ ಮೇಲೂ ಆ್ಯಪ್‌ನಲ್ಲಿ ಕಣ್ಣಿಡಿ. ಚಾರ್ಜ್ ಅರ್ಧದ ಆಸುಪಾಸಿನಲ್ಲಿ ಇದ್ದರೆ ಒಳ್ಳೆಯದು. ತೀರಾ ಕೆಳಗೆ ಬಿಟ್ಟು ವಾರಗಟ್ಟಲೆ ನಿಲ್ಲಿಸಿದರೆ ಬ್ಯಾಟರಿಗೆ ಒಳ್ಳೆಯದಲ್ಲ, 12 ವೋಲ್ಟ್ ಕೂಡ ಕುಸಿಯುತ್ತದೆ.

ಇಷ್ಟಾದ ಮೇಲೂ ಬದಲಿ ಕಾರು ಕೊಡಲು ಒಪ್ಪದಿದ್ದರೆ? ಅಮೆರಿಕದ ಅನೇಕ ರಾಜ್ಯಗಳಲ್ಲಿ ಲೆಮನ್ ಕಾನೂನು ಇದೆ. ಹೊಸ ಕಾರು ಒಟ್ಟು ಮೂವತ್ತು ದಿನದ ಆಸುಪಾಸು ವರ್ಕ್‌ಶಾಪಿನಲ್ಲೇ ಕಳೆದರೆ ಕಂಪನಿ ಅದನ್ನು ವಾಪಸ್ ಕೊಳ್ಳಬೇಕಾಗಬಹುದು. ಹಾಗಾಗಿ ಅಲ್ಲಿ ಕಂಪನಿಗೂ ದಿನ ಎಣಿಸುವ ಒತ್ತಡ ಇರುತ್ತದೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾನೂನು ಇಲ್ಲ. ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸೇವೆಯಲ್ಲಿ ಕೊರತೆ ಅಂತ ಅದರಡಿ ದೂರು ಕೊಡಬಹುದು. ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರನ್ನು ಕಂಪನಿಗೆ ಮುಟ್ಟಿಸುತ್ತದೆ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಾರಿಗೆ ಕೊಟ್ಟ ಹಣ 50 ಲಕ್ಷದ ಒಳಗಿದ್ದರೆ ಅಲ್ಲೇ ಹಾಕಬಹುದು.

ಅಲ್ಲಿಗೆ ಹೋಗಲಿ ಬಿಡಲಿ, ಕಾಗದ ಗಟ್ಟಿ ಇರಬೇಕು. ಜಾಬ್ ಕಾರ್ಡ್ ತೆರೆದ ದಿನವೇ ಬದಲಿ ಕಾರು ಕೇಳಿದ್ದನ್ನು ಅದರಲ್ಲಿ ಬರೆಸಿ, ಅವತ್ತೇ ಒಂದು ಇಮೇಲ್ ಕೂಡ ಹಾಕಿ. ಪಾರ್ಟ್‌ಗೆ ವಿಒಆರ್ ಆರ್ಡರ್ ಹಾಕಿದ್ದೀರಾ ಅಂತ ಕೇಳಿ. ಗಾಡಿ ರಸ್ತೆಗೆ ಇಳಿಯಲಾಗದೆ ನಿಂತಾಗ ಹಾಕುವ ತುರ್ತು ಆರ್ಡರ್ ಅದು, ಮಾಮೂಲಿ ಸ್ಟಾಕ್ ಆರ್ಡರ್‌ಗಿಂತ ಬೇಗ ಬರುತ್ತದೆ. ಆರ್ಡರ್ ಮಾಡಿದ ತಾರೀಖನ್ನೂ ಬರೆದುಕೊಳ್ಳಿ. "ಬರುತ್ತೆ ಸರ್" ಅನ್ನುವ ಫೋನ್ ಮಾತಿಗೆ ದಾಖಲೆ ಇರುವುದಿಲ್ಲ. ಕ್ಯಾಬ್ ಬಿಲ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕುತ್ತಾ ಹೋಗಿ.

ಕೊನೆಗೆ ಕಾರು ರೆಡಿ ಅಂತ ಫೋನ್ ಬಂದಾಗ, ಬದಲಿ ಕಾರಿನ ಕೀ ತಕ್ಷಣ ಕೊಟ್ಟುಬಿಡಬೇಡಿ. ಸರ್ವಿಸ್ ಸೆಂಟರ್‌ನಲ್ಲಿ ಫಾಸ್ಟ್ ಚಾರ್ಜರ್‌ಗೆ ಹಾಕಿ, ನೋಡಿ ಚಾರ್ಜ್ ಆಗ್ತಿದೆ ಅಂತ ತೋರಿಸುತ್ತಾರೆ. ಅದು ಡಿಸಿ ಚಾರ್ಜಿಂಗ್, ಕಾರಿನೊಳಗಿನ ಚಾರ್ಜರ್ ಮುಟ್ಟದೆ ಕರೆಂಟ್ ನೇರವಾಗಿ ಬ್ಯಾಟರಿಗೆ ಹೋಗುತ್ತದೆ. ಮನೆಯಲ್ಲಿ ಹಾಕುವುದು ಎಸಿ, ಅದು ಒಳಗಿನ ಚಾರ್ಜರ್ ಮೂಲಕವೇ ಹೋಗಬೇಕು. ಒಂದು ಸರಿ ಇದ್ದರೆ ಇನ್ನೊಂದೂ ಸರಿ ಇದೆ ಅಂತಲ್ಲ. ಎರಡನ್ನೂ ಅಲ್ಲೇ ಹಾಕಿಸಿ ನೋಡಿ. ಸಾಧ್ಯವಾದರೆ ನಿಮ್ಮ ಕಾರನ್ನು ಒಂದು ರಾತ್ರಿ ಮನೆಯ ಚಾರ್ಜರ್‌ಗೆ ಹಾಕಿ ನೋಡಿ, ಮರುದಿನ ಬೆಳಿಗ್ಗೆ ಬದಲಿ ಕಾರು ತಂದುಕೊಡುತ್ತೇನೆ ಅಂತ ಕೇಳಿ. ಒಳ್ಳೆಯ ಅಡ್ವೈಸರ್ ಇದಕ್ಕೆ ಇಲ್ಲ ಅನ್ನುವುದಿಲ್ಲ.